ಸಮುದ್ರ ದಾಟಿದ ಮುತ್ತಜ್ಜ

"ದತ್ತಕದ ಮನಿಗೆ ನನ್ನ ಮಗಳ್ನ ಕೊಡೂದಿಲ್ರಿ. ರಕ್ತ ಅಂದ್ರ ರಕ್ತ," ಎಂದು ಜಯತೀರ್ಥಾಚಾರ್ಯರು ಮತ್ತೆ ಹೇಳಿದರು.

ಎದುರಿಗೆ ಕೂತಿದ್ದ ಲಕ್ಷ್ಮೇಶ್ವರದ ಭಾಗೀರಥಿಬಾಯಿ ತಲೆ ತಗ್ಗಿಸಿದರು. ಅವರ ಮಗ ಬ್ಯಾಂಕಿನಲ್ಲಿ ನೌಕರ. ಆಚಾರ್ಯರ ಮಗಳು ಸುಂದರಾಳಿಗೂ ಅವನೇ ಬೇಕು. ಆದರೆ ಹುಡುಗನ ಅಜ್ಜ ದತ್ತು ಬಂದವನು, ಅಲ್ಲಿಗೆ ಮಾತು ಮುಗಿಯಿತು. ಬೆಟಗೇರಿಯಲ್ಲಿ ಯಾರ ಮನೆಯ ಬೇರು ಎಲ್ಲಿದೆ ಎಂದು ಕೆದಕುವುದೇ ಆಚಾರ್ಯರ ನಿತ್ಯಕರ್ಮ. ಸಂಧ್ಯಾವಂದನೆ ಒಂದು ಹೊತ್ತು ತಪ್ಪೀತು, ಇದು ತಪ್ಪದು.

ಇವತ್ತಂತೂ ಅವರನ್ನು ಹಿಡಿಯುವವರಿಲ್ಲ. ಧಾರವಾಡದಲ್ಲಿ ಕನ್ನಡ ಕಲಿತ ವಾರೆನ್ ಎಂಬ ಅಮೇರಿಕದ ಸಂಶೋಧಕ ಮನೆಗೆ ಬಂದಿದ್ದ. ನೂರು ವರ್ಷದ ಹಿಂದೆ ತನ್ನ ದೇಶಕ್ಕೆ ಹೋದ ಹಿಂದೂಸ್ತಾನದವರ ವಂಶ ಹುಡುಕುವುದು ಅವನ ಕೆಲಸ. ಆಚಾರ್ಯರ ಮುತ್ತಜ್ಜ ಮಾರ್ತಾಂಡಾಚಾರ್ಯರು ಹತ್ತಿ ವ್ಯಾಪಾರದ ಟರ್ನರ್ ಸಾಹೇಬನ ಜೊತೆ ಹಡಗು ಹತ್ತಿದವರು. ಸಮುದ್ರ ದಾಟಿದ ಪಾಪಕ್ಕೆ ಮನೆಯವರು ಅವರು ಬದುಕಿರುವಾಗಲೇ ಘಟಶ್ರಾದ್ಧ ಮಾಡಿ ಕೈತೊಳೆದುಕೊಂಡಿದ್ದರು. ಈಗ ೧೯೭೯. ಅದೇ ಪಾಪ ಮನೆತನದ ಕಿರೀಟವಾಗಿತ್ತು.

ಆಚಾರ್ಯರಿಗೆ ಒಂದೇ ಅಳುಕು. ವಾರೆನ್ ತಂದ ಕಾಗದದ ಮಾರ್ತಾಂಡ ಬೇರೆ ಯಾರೋ ಆಗಿಬಿಟ್ಟರೆ? ಭಾಗೀರಥಿಬಾಯಿಯ ಮುಂದೆ ಮಾನ ಹೋದೀತು.

ವಾರೆನ್ ಓದಿದ. "೧೮೭೦ರ ಜನಗಣತಿ. ಟರ್ನರ್ ಅವರ ಮನೆಯಲ್ಲಿ ಮಾರ್ತಾಂಡ, ಹಿಂದೂಸ್ತಾನದವನು, ಅಡುಗೆಯವನು."

"ಮಡೀಲೇ ಮಾಡಿರಬೇಕು," ಎಂದರು ಆಚಾರ್ಯರು. ಸಾಹೇಬನ ಹೆಸರು ತಾಳೆಯಾಯಿತಲ್ಲ, ಜೀವ ಬಂದಂತಾಯಿತು.

"ಇದು ೧೮೮೦ರದು, ಆ ವರ್ಷ ಸತ್ತವರ ಪಟ್ಟಿ. ಅದೇ ಮಾರ್ತಾಂಡ, ಕ್ಷಯರೋಗ. ಹನ್ನೆರಡು ವರ್ಷದಿಂದ ಅದೇ ಊರಿನ ವಾಸಿ. ಆಚಾರ್ಯರೇ, ಅವರು ನಡುವೆ ಒಮ್ಮೆ ಇಲ್ಲಿಗೆ ಬಂದು ಹೋಗಿರಬಹುದೇ?"

"ಛೆ ಛೆ. ಸಮುದ್ರ ದಾಟಿದವ್ರನ್ನ ನಮ್ಮ ಹಿರ್ಯಾರು ಹೊಸ್ತಿಲಾ ತುಳಿಯಾಕ ಬಿಟ್ಟಾರೇನ್ರಿ? ಹೋದವ್ರು ಹೋದ್ರು, ಒಂದ್ಸಲಾನೂ ಹೊಳ್ಳಿ ಬಂದಿಲ್ಲ. ಹೆಂಡತಿ ಇಲ್ಲೇ ಉಳದ್ರು. ಬೇಕಾದ್ರ ಬರಕೋರಿ."

ವಾರೆನ್ ಬರೆದುಕೊಂಡ. "ಮಕ್ಕಳು?"

"ಒಬ್ರೇ. ನಮ್ಮ ಅಜ್ಜ, ವಾಸುದೇವಾಚಾರ್ಯರು." ಆಚಾರ್ಯರು ದೇವರಮನೆಯಿಂದ ಅಜ್ಜನ ಜಾತಕ ತಂದರು. ಕೊಡುವ ಮೊದಲು ಭಾಗೀರಥಿಬಾಯಿಗೆ ಕಾಣುವ ಹಾಗೆ ಹಿಡಿದರು. "ಖರೆ ವಂಶ ಅಂದ್ರ ಇದು ನೋಡ್ರಿ. ದತ್ತಕ-ಗಿತ್ತಕ ಏನಿಲ್ಲ."

ವಾರೆನ್ ಜಾತಕದ ಶಕವರ್ಷಕ್ಕೆ ಎಪ್ಪತ್ತೆಂಟು ಕೂಡಿಸಿದ. ತಪ್ಪಾಯಿತೇನೋ ಎಂದು ಮತ್ತೆ ಕೂಡಿಸಿದ.

"ನಿಮ್ಮ ಅಜ್ಜ ಹುಟ್ಟಿದ್ದು ೧೮೭೫ರಲ್ಲಿ," ಎಂದ, ಪಾಪ, ಮೆಲ್ಲಗೆ. "ಮಾರ್ತಾಂಡ ಅಮೇರಿಕ ಸೇರಿ ಆಗಲೇ ಏಳು ವರ್ಷವಾಗಿತ್ತು."

ಭಾಗೀರಥಿಬಾಯಿ ಸೆರಗು ಸರಿಮಾಡಿಕೊಂಡು ಎದ್ದರು.

"ದತ್ತಕದಾಗ ಹೆತ್ತಪ್ಪ ಯಾರಂತ ಊರಿಗೆಲ್ಲಾ ಗೊತ್ತಿರ್ತದ್ರಿ, ಆಚಾರ್ರ."