ಹೆದರುಪುಕ್ಕಲಿ

ಈಜುಕೊಳದ ಮೆಟ್ಟಿಲ ಸರಳನ್ನು ಎರಡೂ ಕೈಯಲ್ಲಿ ಹಿಡಿದು ಚೂಟಿ ನಿಂತೇಬಿಟ್ಟಳು. ಹೋದ ತಿಂಗಳು ಎತ್ತರದ ಹಲಗೆಯಿಂದ ಕೇಕೆ ಹಾಕುತ್ತ ಹಾರಿದ್ದ ಹುಡುಗಿ ಇವತ್ತು ಮೊಣಕಾಲುದ್ದ ನೀರಿಗೂ ಒಲ್ಲಳು. ಈಜು ಕಲಿಸುವ ಮೇಡಂ ಗದರಲಿಲ್ಲ. ತಮ್ಮದೇ ಒಣ ಟವೆಲು ಹೊದಿಸಿ, ಕರೆತಂದು ಅಜ್ಜಿಯ ಪಕ್ಕ ಕೂರಿಸಿದರು.

"ಮನೇಲೂ ಹೀಗೇನಾ ಅಮ್ಮ?"

"ಅಯ್ಯೋ, ಜಿರಲೆ ಕಂಡ್ರೆ ಚಪ್ಪಲಿ ಹಿಡ್ಕೊಂಡು ಅಟ್ಟಿಸ್ಕೊಂಡು ಹೋಗ್ತಿದ್ಳು. ಈಗ ಕಿಟಾರನೆ ಕಿರಿಚ್ಕೋತಾಳೆ. ಇವಳಮ್ಮ ಆಸ್ಪತ್ರೆ ಸೇರಿದಾಗಿಂದ ಹೀಗೇ."

ಮೇಡಂ ಚೂಟಿಯ ತಲೆ ಸವರಿ ಉಳಿದ ಮಕ್ಕಳ ಕಡೆ ಹೋದರು.

ಬೆಳಗಾದರೆ ಆಸ್ಪತ್ರೆಯಲ್ಲಿ ಮಗಳ ಆಪರೇಷನ್. 'ಚೂಟಿ ಎದೆಗುಂದದ ಹಾಗೆ ನೋಡ್ಕೋಮ್ಮ' ಎಂದು ಅವಳು ಮತ್ತೆ ಮತ್ತೆ ಹೇಳಿದ್ದಳು. ಅಜ್ಜಿ ಮೊಮ್ಮಗಳನ್ನು ಹತ್ತಿರ ಎಳೆದುಕೊಂಡರು.

"ಅಮ್ಮ ನಿನಗೆ ಅಷ್ಟೊಂದು ಕಾರ್ಟೂನ್ ಸಿನಿಮಾ ತೋರಿಸಿದಾಳಲ್ಲ ಕಂದ, ಆ ಹುಡುಗೀರು ಹೀಗೆ ಮುದುರಿ ಕೂರ್ತಾರಾ? ರಾಜಕುಮಾರ ಬರ್ಲಿ ಅಂತ ಕಾಯ್ತಾರಾ?"

ಅವೆಲ್ಲ ಮಗಳು ಆರಿಸಿ ಆರಿಸಿ ತಂದ ಸಿನಿಮಾಗಳು. ಯಾರೋ ಬಂದು ಎತ್ತಿಕೊಂಡು ಹೋಗುವ ಗೊಂಬೆಯಂಥ ರಾಜಕುಮಾರಿಯರು ನಮ್ಮ ಮನೆಗೆ ಬೇಡ ಎನ್ನುತ್ತಿದ್ದಳು.

"ಕಾಯಲ್ಲ," ಚೂಟಿ ನೆಲ ನೋಡುತ್ತ ಅಂದಳು. "ಆದ್ರೆ ಅವರ ಅಮ್ಮಂದಿರು ಎಲ್ಲಿ?"

"ಅಂದ್ರೆ?"

"ಕತ್ತಿ ಹುಡುಗಿ ಅಮ್ಮ ಶುರೂನಲ್ಲೇ ಸತ್ತೋಗ್ತಾಳೆ. ನರಿ ಸಾಕ್ತಾಳಲ್ಲ, ಅವಳಮ್ಮ ಬರೀ ಫೋಟೋದಲ್ಲಿ. ಗಾಳಿಪಟದ ಮೇಲೆ ಹಾರೋಳಿಗಂತೂ ಅಮ್ಮಾನೇ ಇಲ್ಲ. ಅಮ್ಮ ಸತ್ರೇನೇ ಅಜ್ಜಿ, ಧೈರ್ಯ ಬರೋದು."

ಅಜ್ಜಿ ಮೊಮ್ಮಗಳ ಜೊತೆ ಕೂತು ನೋಡಿದ ಸಿನಿಮಾಗಳನ್ನೆಲ್ಲ ನೆನೆದರು. ಕೊನೆಯವರೆಗೆ ಬದುಕಿದ್ದ ಒಬ್ಬ ತಾಯಿಯೂ ನೆನಪಿಗೆ ಬರಲಿಲ್ಲ.

"ಅದಕ್ಕೇ ನಾನು ಹೆದರುಪುಕ್ಕಲಿ ಆಗಿದೀನಿ," ಚೂಟಿ ಕಿವಿಯ ಹತ್ತಿರ ಬಂದು ಪಿಸುಗುಟ್ಟಿದಳು. "ಅಮ್ಮ ಮನೆಗೆ ಬರೋ ತನಕ ಅಷ್ಟೆ. ಮೇಡಂಗೆ ಹೇಳ್ಬೇಡ. ನೀನೂ ಸ್ವಲ್ಪ ಹೆದರ್ಕೋ ಅಜ್ಜಿ, ಇಬ್ರೂ ಸೇರಿ ಹೆದರಿದ್ರೆ ಇನ್ನೂ ಒಳ್ಳೇದು."

"ಆಗಲಿ ಕಂದ."

ಚೂಟಿ ಅಜ್ಜಿಯ ಕೈ ಹಿಡಿದುಕೊಂಡಳು. ಅದು ನಡುಗುತ್ತಿರುವುದನ್ನು ನೋಡಿ ಅವಳ ಮುಖ ಅರಳಿತು.

"ಹಾಂ, ಹಾಗೇ! ನಿನಗೆ ನನಗಿಂತ ಚೆನ್ನಾಗಿ ಬರುತ್ತೆ ಅಜ್ಜಿ."