ಕೇಳದೆ ಹೇಳದ ಸಹದೇವ

ಬೆಳಗಾಗುವಷ್ಟರಲ್ಲಿ ಭೀಮವ್ವನ ಜೋಳದ ಹೊಲದ ನಡುವೆ ಒಂದು ಕಲ್ಲು ಬಂದು ನಿಂತಿತ್ತು. ನೆತ್ತಿಗೆ ಸರ್ವೆಯವರ ಕೆಂಪು ಬಣ್ಣ, ಮೈಗೆ ಸುಣ್ಣ, ಎದೆಗೆ ಕುಂಕುಮ. ಅವಳು ಸೊಂಟದ ಮೇಲೆ ಕೈಯಿಟ್ಟು ಅದನ್ನು ಒಂದು ಸುತ್ತು ಬಂದಳು. ಸುಣ್ಣ ತಾನೇ ಬಳಿದದ್ದು, ಅನುಮಾನವೇ ಇಲ್ಲ. ಕೈಯಿಂದ ಒರೆಸಿದ ಬೆರಳ ಗುರುತುಗಳು ಹಾಗೇ ಇದ್ದವು. ಆದರೆ ಬಳಿದದ್ದು ಇಲ್ಲಲ್ಲ, ಬದುವಿನ ಆಚೆ, ಪಂಚಾಯ್ತಿ ಮೆಂಬರ್ ಬಸಲಿಂಗನ ಹೊಲದಲ್ಲಿ.

ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಚರಗದ ಎಡೆ ಚೆಲ್ಲಲು ಬಂದ ದಿನ, ಬೇವಿನ ಬುಡದಲ್ಲಿದ್ದ ಐದು ಪಾಂಡವರ ಕಲ್ಲುಗಳಲ್ಲಿ ಒಂದು ಯಾರದೋ ಟ್ರ್ಯಾಕ್ಟರಿನ ಗಾಲಿಗೆ ಸಿಕ್ಕು ಪುಡಿಯಾಗಿತ್ತು. ನಾಲ್ವರಿಗಷ್ಟೇ ಪೂಜೆ ಮಾಡಿ ಉಣ್ಣುವುದು ಹೇಗೆ? ಬದುವಿನಾಚೆ ಹೊಸದಾಗಿ ನೆಟ್ಟ ಚೊಕ್ಕ ಕಲ್ಲೊಂದು ಕಂಡಿತು. ಕಿತ್ತರೆ ಬರಲಿಲ್ಲ. ನಿಂತಲ್ಲೇ ಸುಣ್ಣ ಬಳಿದು, "ನೀನ ಸಹದೇವಪ್ಪ" ಎಂದು ಸಜ್ಜಿ ಕಡಬು ಇಟ್ಟು ಬಂದಿದ್ದಳು. ಅದು ಕಡೇಚೂರಿನ ಕಾರ್ಖಾನೆಗಳ ಕಡೆ ಹೋಗುವ ಹೊಸ ರಸ್ತೆಯ ಗುರುತಿನ ಕಲ್ಲು ಎಂಬುದು ಆಮೇಲೆ ತಿಳಿಯಿತು. ಸರ್ಕಾರದ ಕಲ್ಲಿಗೆ ಕೈ ಹಚ್ಚಿದೆನಲ್ಲ ಎಂದು ಹೆದರಿ ಯಾರಿಗೂ ಹೇಳಿರಲಿಲ್ಲ. ಈಗ ಅದೇ ಕಲ್ಲು ಬದು ದಾಟಿ ಬಂದು ನಿಂತಿದೆ. ಭೀಮವ್ವನಿಗೆ ಮೊದಲು ಬಂದದ್ದು ಸಿಟ್ಟಲ್ಲ, ಸೋಜಿಗ.

ಹೊತ್ತು ಏರುವಷ್ಟರಲ್ಲಿ ಬಸಲಿಂಗ ತನ್ನ ಟ್ರ್ಯಾಕ್ಟರಿನಲ್ಲೇ ಸರ್ವೆಯರ್ ಅಲ್ತಾಫನನ್ನು ಕರೆತಂದ. ಓಡಿಸಿಕೊಂಡು ಬಂದವನು ಬಸಲಿಂಗನ ಆಳು ದ್ಯಾವಪ್ಪ. ಕಲ್ಲು ನೆಡಿಸಿದ್ದ ಹಳೆಯ ಸರ್ವೆಯರ್‌ಗೆ ಹೋದ ವಾರವಷ್ಟೇ ವರ್ಗವಾಗಿತ್ತು. ಅಲ್ತಾಫ್ ಈ ಹೊಲಗಳನ್ನು ಕಾಣುತ್ತಿರುವುದೇ ಇವತ್ತು.

"ಕಲ್ಲು ಇದ್ದಲ್ಲೇ ರೋಡ್ ಹಾಯ್ತದ ಭೀಮವ್ವ," ಎಂದ ಬಸಲಿಂಗ. "ನಿನ್ನ ಹೊಲ ಹೋಯ್ತು ನೋಡು. ಅಳಬ್ಯಾಡ, ಸರ್ಕಾರ ಪುಕ್ಕಟ ತಗೊಳ್ಳಂಗಿಲ್ಲ."

"ನಿಮ್ದು, ಮೆಂಬರ್ರ?"

"ನಂದು ರೋಡಿನ ಬಾಜೂಕ ಉಳೀತದ."

ರೋಡಿನ ಬಾಜೂಕ ಉಳಿಯುವ ಹೊಲದ ಬೆಲೆ ಎಷ್ಟೆಂಬುದು ಊರಿನ ಕುರಿಗಳಿಗೂ ಗೊತ್ತಿತ್ತು. ಭೀಮವ್ವನಿಗೆ ಉಳಿಯುವುದು ಬೇವಿನ ಗಿಡವೊಂದೇ. ಆಮೇಲೆ ತನ್ನ ಕುರಿಗಳ ಹಟ್ಟಿ ಹಾಕಲೂ ನೆಲವಿಲ್ಲ.

ಅವಳು ಅಲ್ತಾಫನ ಕಡೆ ತಿರುಗಿದಳು. "ಸಾಹೇಬ್ರ, ಈ ಕಲ್ಲು ನಿನ್ನಿ ತನಕ ಮೆಂಬರ್ರ ಹೊಲದಾಗಿತ್ರಿ. ಅಲ್ಲೇ ನಾ ಸುಣ್ಣ ಹಚ್ಚೀನಿ. ತಪ್ಪಾಗ್ಯಾದ, ದಂಡ ಹಾಕ್ರಿ. ಆದ್ರ ಕಲ್ಲು ಅಲ್ಲಿಂದು."

ಬಸಲಿಂಗ ತೊಡೆ ತಟ್ಟಿ ನಕ್ಕ. "ಕೇಳ್ರಿ ಸಾಹೇಬ್ರ! ಮಂದಿ ಹೊಲದಾಗ ಹೋಗಿ ಯಾರರ ಪಾಂಡವ್ರ ಪೂಜಾ ಮಾಡ್ತಾರೇನು? ತನ್ನ ಹೊಲದಾಗ ಇದ್ದಿದ್ದಕ್ಕ ಮಾಡ್ಯಾಳ. ಆಕಿ ಕುಂಕುಮನ ಆಕಿ ಮ್ಯಾಲ ಸಾಕ್ಷಿ. ಹೆಸರು ನೋಡಿದ್ರ ಭೀಮವ್ವ. ಒಬ್ಬ ಪಾಂಡವ ಕಡಿಮಿ ಬಿದ್ರ ನೀನ ಹೋಗಿ ಸಾಲಿನಾಗ ನಿಂದ್ರಬೇಕಿತ್ತಲ್ಲ!"

ಟ್ರ್ಯಾಕ್ಟರಿನ ಮೇಲೆ ಕುಳಿತಿದ್ದ ದ್ಯಾವಪ್ಪನೂ ನಕ್ಕ.

ಅಲ್ತಾಫ್ ನಗಲಿಲ್ಲ. "ನಕ್ಷಾ ಇನ್ನಾ ನನ್ ಕೈಗಿ ಬಂದಿಲ್ಲಮ್ಮ. ಇವತ್ತ ಕಲ್ಲು ಎಲ್ಲಿ ಅದಾವೋ ಅಲ್ಲೇ ಬರ್ಕೋಬೇಕು. ಸರಿಸಿದ್ದು ಕಂಡವ್ರು ಯಾರರ ಅದಾರೇನು?"

ಕಂಡವರು ಯಾರಿದ್ದಾರೆ? ಬೇವಿನ ಬುಡದಲ್ಲಿ ನಾಲ್ವರು ಅಣ್ಣಂದಿರು, ಇಲ್ಲಿ ಈ ತಮ್ಮ. ಭೀಮವ್ವನಿಗೆ ತನ್ನಪ್ಪ ಹಾಡುತ್ತಿದ್ದ ಭಾರತದ ಪದ ನೆನಪಾಯಿತು. ಸಹದೇವನಿಗೆ ಹಿಂದಿನದೂ ಗೊತ್ತು, ಮುಂದಿನದೂ ಗೊತ್ತು. ಆದರೆ ಕೇಳದೆ ಒಂದು ಮಾತು ಆಡುವವನಲ್ಲ. ಕೇಳಬೇಕಾದವರು ಕೇಳಲಿಲ್ಲ, ಅದಕ್ಕೇ ಅಷ್ಟೆಲ್ಲ ಆಯಿತು ಎಂದು ಅಪ್ಪ ತಂಬೂರಿ ಕೆಳಗಿಡುತ್ತಿದ್ದ.

ಅವಳು ಸೆರಗು ಹೊದ್ದು ಕಲ್ಲಿನ ಎದುರು ಕುಳಿತಳು. ದೂರದಿಂದ ಬಂದ ನೆಂಟನನ್ನು ಮಾತಾಡಿಸುವ ಹಾಗೆ ಕೇಳಿದಳು. "ಸಹದೇವಪ್ಪ, ಕೇಳದ ಹೇಳಾಂವಲ್ಲ ನೀ. ಅದಕ್ಕ ಕೇಳಾಕತ್ತೇನಿ. ಆ ಹೊಲದಾಗ ನಿನಗ ಕಡಬು ಉಣಿಸಿ ಹೋಗಿದ್ದೆ. ಇಲ್ಲಿಗಿ ನೀನಾಗೇ ನಡ್ಕೊಂಡು ಬಂದೇನಪ್ಪ, ಇಲ್ಲಾ ಯಾರರ ಹೊತ್ಕೊಂಡು ಬಂದ್ರೇನು?"

"ತಡೀರಿ ಸಾಹೇಬ್ರ, ಈಗ ಹೇಳ್ತಾನ," ಎಂದು ಬಸಲಿಂಗ ಮತ್ತೆ ನಕ್ಕ. ಈ ಸಲ ಅವನೊಬ್ಬನೇ ನಕ್ಕ.

ದ್ಯಾವಪ್ಪ ಟ್ರ್ಯಾಕ್ಟರಿನಿಂದ ಇಳಿದ. ಜೋಳದ ಅಂಚಿಗೆ ಚಪ್ಪಲಿ ಬಿಟ್ಟ. ಬಂದು ಮೊಣಕಾಲೂರಿ, ಕಲ್ಲನ್ನು ಮುಟ್ಟಿ ಕೈಯನ್ನು ಕಣ್ಣಿಗೆ ಒತ್ತಿಕೊಂಡ.

"ಇಂವ ಪಾಂಡವರಾಂವ ಅಂತ ನನಗ ಹ್ಯಾಂಗ ಗೊತ್ತಾಗಬೇಕವ್ವ? ಸುಣ್ಣ ಸರ್ವೇದವ್ರ ಹಚ್ಯಾರ ಅಂದ್ಕೊಂಡೆ. ಕತ್ತಲದಾಗ ಕುಂಕುಮ ಕಾಣ್ಲಿಲ್ಲ. ಕಾಲಾಗ ಚಪ್ಪಲಿ ಬ್ಯಾರೆ ಇದ್ದವು."

"ಏ ದ್ಯಾವ್ಯಾ!" ಬಸಲಿಂಗನ ದನಿ ಒಡೆಯಿತು. "ಗಾಡಿ ಹತ್ತು! ಹುಚ್ಚ ಹಿಡದಾದೇನು ನಿನಗ?"

ದ್ಯಾವಪ್ಪನಿಗೆ ಕೇಳಿಸಿತೋ ಇಲ್ಲವೋ. ಕಲ್ಲನ್ನು ಎರಡು ಸಲ ಅಲುಗಾಡಿಸಿದ. ಹಸಿ ಮಣ್ಣು, ಸಲೀಸಾಗಿ ಬಂತು. ಹೆಗಲಿಗೆ ಏರಿಸಿಕೊಂಡು, ಜೋಳದ ಒಂದು ದಂಟೂ ಮುರಿಯದಂತೆ ಹೆಜ್ಜೆಯಿಟ್ಟು ಬದು ದಾಟಿದ. ಅಲ್ತಾಫ್ ಟೇಪು ಹಿಡಿದು ಹಿಂದೆಯೇ ಹೋದ.

ಬಸಲಿಂಗನ ಹೊಲವನ್ನು ಆಗಷ್ಟೇ ನೇಗಿಲು ಹೊಡೆದಿದ್ದರು. ಕಣ್ಣು ಹರಿದಷ್ಟು ದೂರ ಒಂದೇ ಸಮ ಕರಿ ಮಣ್ಣು. ಎಲ್ಲೂ ಒಂದು ಗುರುತಿಲ್ಲ. ದ್ಯಾವಪ್ಪ ನೆಟ್ಟಗೆ ನಡೆದುಹೋಗಿ ಒಂದು ಕಡೆ ನಿಂತ, ಬರಿಗಾಲಿನಿಂದ ಮಣ್ಣು ಸರಿಸಿದ. ಕಲ್ಲು ಕಿತ್ತ ಕುಣಿ ಎಲ್ಲಿದೆ ಎಂದು ಅವನು ಯಾರನ್ನೂ ಕೇಳಲಿಲ್ಲ.