ಬಾಗಿಲ ಮೇಲಿನ ಬರಹ

ಹಳೆಯ ದೆವ್ವದ ಸಿನಿಮಾ ರಿಮೇಕ್ ಆಗಿ ಬಂದಮೇಲೆ, ಬೀದಿಯ ಬಾಗಿಲುಗಳಲ್ಲೆಲ್ಲ ಮತ್ತೆ 'ನಾಳೆ ಬಾ' ಕಾಣಿಸಿಕೊಂಡಿತು. ಮನೆಯವರ ದನಿಯಲ್ಲಿ ಕರೆಯುವ ದೆವ್ವ ಅದನ್ನು ಓದಿ ವಾಪಸು ಹೋಗುತ್ತದಂತೆ. ಮೇಷ್ಟರೂ ಸೀಮೆಸುಣ್ಣ ಹಿಡಿದು ತಮ್ಮ ಬಾಗಿಲಿಗೆ ಬರೆದಿದ್ದರು.

ಡಿವಿಡಿ ಬಿಡುಗಡೆಯಾದ ದಿನವೇ ಅವರ ಹೆಂಡತಿ ಕೊಂಡು ತಂದಳು. ದೆವ್ವಕ್ಕೆ ದನಿ ಕೊಟ್ಟವಳು ಅವರ ಮಗಳು. ಡಬ್ಬಿಂಗ್ ಮುಗಿದ ವಾರವೇ ಜ್ವರ ಬಂದು ತೀರಿಕೊಂಡಿದ್ದಳು.

"ಅಮ್ಮಾ, ಬಾಗಿಲು ತೆಗಿಯೇ," ಎಂದಿತು ಟಿವಿಯೊಳಗಿನ ದೆವ್ವ.

ಹೆಂಡತಿ ರಿಮೋಟ್ ಒತ್ತಿ ಅದನ್ನೇ ಮತ್ತೆ ಹಾಕಿದಳು. ಮತ್ತೆ ಹಾಕಿದಳು.

"ಸಾಕು ಕಣೇ. ಎಷ್ಟು ಸಲ ಕೇಳ್ತೀಯ?"

"ಎಷ್ಟು ಹೊತ್ತಿಂದ ಕೂಗ್ತಿದಾಳೆ ನೋಡ್ರೀ, ಪಾಪ."

ಅವಳು ಸೆರಗಿನ ತುದಿ ಒದ್ದೆ ಮಾಡಿಕೊಂಡು ಹೊರಗೆ ಹೋದಳು. ಸ್ವಲ್ಪ ಹೊತ್ತಿನ ಮೇಲೆ ಮೇಷ್ಟರು ಎದ್ದು ಹೋಗಿ ನೋಡಿದರು.

ಬಾಗಿಲ ಮೇಲೆ 'ಬಾ' ಮಾತ್ರ ಉಳಿದಿತ್ತು.